ಗಂಗಕ್ಕನ ಬೇಲಿಗೊಂದು ಆಸಿಲೋಸ್ಕೋಪು

ನೆನಪನ್ನು ನಂಬಬಾರದು ಎಂದು ನಾನು ಕಲಿತದ್ದು ವಿಶ್ವವಿದ್ಯಾಲಯದಲ್ಲಲ್ಲ, ತರೀಕೆರೆಯ ತಾಲ್ಲೂಕು ಕಚೇರಿಯಲ್ಲಿ. ಭೂದಾಖಲೆಗಳ ಮೇಜಿನ ಹಿಂದೆ ಕೂತವರಿಗೆ ದಿನಕ್ಕೆ ಹತ್ತು ಜನರ ನೆನಪು ಕೇಳಿಸಿಕೊಳ್ಳುವ ಭಾಗ್ಯವಿರುತ್ತದೆ. "ನಮ್ಮಪ್ಪ ಈ ಹುಣಸೆಮರ ತೋರ್ಸಿ, ಇಲ್ಲೀತಂಕ ನಮ್ದು ಅಂದಿದ್ದು ಈಗ್ಲೂ ಕಿವೀಲೈತೆ ಕಣಮ್ಮ" ಎಂದು ಒಬ್ಬರು ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಾರೆ. ಮಧ್ಯಾಹ್ನ ಪಕ್ಕದ ಜಮೀನಿನವರು ಬಂದು ಅದೇ ಮರವನ್ನು, ಅಷ್ಟೇ ನೀರು ತಂದುಕೊಂಡು, ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಅಳತೆಗೆ ಹೋದವರು ಬಂದು ಅಲ್ಲಿ ಹುಣಸೆಮರವೇ ಇಲ್ಲ, ಇರುವುದು ಹೊಂಗೆ ಎಂದು ವರದಿ ಕೊಡುತ್ತಾರೆ. ಇಬ್ಬರೂ ಸುಳ್ಳು ಹೇಳಿದವರಲ್ಲ. ಅದೇ ನನ್ನನ್ನು ಹೆದರಿಸುವುದು. ಹಾಗಾಗಿ ನಾನು ಡೈರಿ ಬರೆಯುತ್ತೇನೆ. ಓದುತ್ತಿದ್ದ ಕಾಲದಿಂದಲೂ ಒಂದು ದಿನ ಬಿಡದೆ ಬರೆದಿದ್ದೇನೆ. ಒಂದು ದಿನವೂ ಬಿಟ್ಟಿಲ್ಲ ಎಂಬುದು ನನ್ನ ನೆನಪು ಮಾತ್ರ ಎಂದು ಈಗ ಅನುಮಾನ ಬರುತ್ತಿದೆ, ಇರಲಿ. ಇಷ್ಟೆಲ್ಲ ಎಚ್ಚರವಿದ್ದೂ ಈ ವರ್ಷ ಎರಡು ತಿಂಗಳು ನಾನು ಹೇಗೆ ಮೋಸಹೋದೆ, ಅದೂ ಯಾರೂ ಮೋಸ ಮಾಡದೆ ಹೇಗೆ ಹೋದೆ ಎಂಬುದನ್ನು ಹೇಳಿಕೊಳ್ಳಬೇಕಾಗಿದೆ.

ನಾನು ಓದಿದ್ದು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಸಿಕ್ಕಿದ್ದು ಪಹಣಿ ತಿದ್ದುವ ಕೆಲಸ. ಉಳಿದ ಭೌತಶಾಸ್ತ್ರವನ್ನು ಕಡೂರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಅಕ್ಕಿ ಡ್ರಮ್ಮಿನ ಪಕ್ಕ ಒಂದು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಬೆಸುಗೆ ಹಾಕುವ ಕಡ್ಡಿ, ಡಬ್ಬಿಗಳಲ್ಲಿ ರೆಸಿಸ್ಟರು, ಕೆಪಾಸಿಟರು, ಹಳೆಯ ರೇಡಿಯೋಗಳ ಕರುಳು. ನಮ್ಮನೆಯವರು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ನೆಂಟರ ಮುಂದೆ ಆ ಕೋಣೆಯನ್ನು "ಪ್ರಯೋಗಶಾಲೆ" ಎನ್ನುತ್ತಾರೆ, ನೆಂಟರು ಹೋದಮೇಲೆ "ಗುಜರಿ" ಎನ್ನುತ್ತಾರೆ. ಅಲ್ಲಿಂದ ಹೊರಬಂದ ಯಂತ್ರಗಳ ಚರಿತ್ರೆ ಅಷ್ಟೇನೂ ಉಜ್ವಲವಲ್ಲವೆಂದು ಒಪ್ಪುತ್ತೇನೆ. ನೀರಿನ ಟ್ಯಾಂಕು ತುಂಬಿದಾಗ ಕೂಗುವ ಸೈರನ್ನು ಟ್ಯಾಂಕು ಖಾಲಿಯಾದಾಗಲೂ ಕೂಗುತ್ತಿತ್ತು. ನಾನು ಕಟ್ಟಿದ ಕಾಲಿಂಗ್ ಬೆಲ್ಲು ಮಿಕ್ಸಿ ಹಾಕಿದ ಕೂಡಲೇ ತಾನಾಗಿ ಹೊಡೆದುಕೊಳ್ಳುತ್ತಿತ್ತು. ಒಂದು ವರ್ಷ ನಮ್ಮ ಮನೆಯಲ್ಲಿ ಚಟ್ನಿ ರುಬ್ಬಿದಾಗಲೆಲ್ಲ ಯಾರಾದರೂ ಎದ್ದು ಬಾಗಿಲು ತೆಗೆಯುತ್ತಿದ್ದರು.

ನಮ್ಮನೆಯವರ ಅಕ್ಕ ಗಂಗಕ್ಕನಿಗೆ ಮಾತ್ರ ನನ್ನ ವಿದ್ಯೆಯ ಮೇಲೆ ಎಲ್ಲಿಲ್ಲದ ನಂಬಿಕೆ. ಯಗಟಿಯಲ್ಲಿ ಗಂಗಕ್ಕ ಕುರಿ ಸಾಕುತ್ತಾರೆ. ಹೋದ ವರ್ಷ ಕುರಿ ಕೂಡುವ ರೊಪ್ಪದ ಬಲೆ ನುಸುಳಿ ಬಂದ ಬೀದಿನಾಯಿಗಳು ಹುಟ್ಟಿ ವಾರವೂ ಆಗದ ಮೂರು ಮರಿಗಳನ್ನು ಕೊಂದುಹಾಕಿದವು. ಗಂಗಕ್ಕ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಗ ನಾನು ಹಿಂದೆಮುಂದೆ ನೋಡದೆ, "ಕರೆಂಟ್ ಬೇಲಿ ಹಾಕೋಣ ಗಂಗಕ್ಕ, ನಾನು ಮಾಡಿಕೊಡ್ತೀನಿ" ಎಂದುಬಿಟ್ಟೆ. ತಂತಿಗೆ ಸೆಕೆಂಡಿಗೊಂದು ಕರೆಂಟಿನ ಪೆಟ್ಟು ಕೊಡುವ ಪೆಟ್ಟಿಗೆಯನ್ನು ಕೊಂಡುತಂದದ್ದು. ಅದು ನಾಯಿಯನ್ನು ಬೆಚ್ಚಿಸುತ್ತದೆ, ಕೊಲ್ಲುವುದಿಲ್ಲ. ಹಗಲು ಬಿಸಿಲಿನಿಂದ ಬ್ಯಾಟರಿ ತುಂಬಿಸಿಕೊಂಡು, ಕತ್ತಲಾದ ಕೂಡಲೇ ಪೆಟ್ಟಿಗೆಯನ್ನು ತಾನಾಗಿ ಶುರುಮಾಡಿ, ಬೆಳಗಾದರೆ ನಿಲ್ಲಿಸುವ ಸರ್ಕ್ಯೂಟನ್ನು ಕಟ್ಟಿದ್ದು ನಾನು. ಕಡೂರಿನ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅರ್ಥಿಂಗಿನ ಕಬ್ಬಿಣದ ಸಲಾಕೆ ನೆಟ್ಟು, ನಾಲ್ಕು ಮಾರು ತಂತಿ ಎಳೆದು ಪರೀಕ್ಷೆ ಮಾಡಿದೆವು. ನಮ್ಮನೆಯವರು "ಇದೇನು ಮಾಡುತ್ತೆ" ಎಂದು ಕಾಫಿ ಲೋಟ ಹಿಡಿದುಕೊಂಡೇ ತಂತಿ ಮುಟ್ಟಿದರು. ಲೋಟ ಆಚೆ ಮನೆಯ ಕಾಂಪೌಂಡಿನಲ್ಲಿ ಸಿಕ್ಕಿತು. ನನಗೆ ಜೀವನದಲ್ಲಿ ಅಷ್ಟು ಸಂತೋಷ ಅಪರೂಪಕ್ಕೆ ಆಗಿದೆ.

ಅದೇ ಯಂತ್ರ ಯಗಟಿಗೆ ಹೋಗಿ ರೊಪ್ಪದ ಸುತ್ತ ತಂತಿ ಹತ್ತಿದ ಮೂರನೇ ದಿನ ಗಂಗಕ್ಕನ ಫೋನು ಬಂತು.

"ಲೇ ಶೈಲಾ, ನಿನ್ ಬೇಲಿ ಏನೂ ಒದೆಯಲ್ಲ ಕಣೇ. ನಾನೇ ಮುಟ್ ನೋಡ್ದೆ. ಸುಮ್ನೆ ಜುಮ್ ಅಂತದೆ, ಇರುವೆ ಹತ್ತಿದಂಗೆ. ನಾಯಿ ಅದುಕ್ಕೆ ಮೈ ಉಜ್ಕೊಂಡು ಹೋಯ್ತು."

"ನೀವು ಯಾಕೆ ಮುಟ್ಟಿದ್ರಿ ಗಂಗಕ್ಕ?"

"ಇನ್ನೇನು ನಾಯೀನ ಕೇಳ್ಲಾ? ಇನ್ನೆರಡು ತಿಂಗ್ಳಿಗೆ ಏಳು ಕುರಿ ಈಯ್ತವೆ. ಅಷ್ಟ್ರೊಳಗೆ ಸರಿಮಾಡ್ಕೊಡು ತಾಯಿ."

ಇನ್ನೂ ಏನೇನೋ ಹೇಳಿದರು. ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ನನ್ನ ತಲೆಯಲ್ಲಿ ಆಗಲೇ ರೋಗನಿರ್ಣಯ ನಡೆದಿತ್ತು. ಪೆಟ್ಟಿಗೆ ಪೆಟ್ಟು ಕೊಡುವ ಆ ಕ್ಷಣದಲ್ಲಿ ನನ್ನ ಸರ್ಕ್ಯೂಟು ಕುಸಿಯುತ್ತಿರಬೇಕು, ಬ್ಯಾಟರಿಯಿಂದ ಬರಬೇಕಾದಷ್ಟು ಬರುತ್ತಿಲ್ಲ. ಆದರೆ ಅದನ್ನು ನೋಡುವುದು ಹೇಗೆ? ನನ್ನ ಮಲ್ಟಿಮೀಟರು ಮನೆಯ ಹಿರಿಯರ ಹಾಗೆ. ಎಲ್ಲವನ್ನೂ ನಿಧಾನವಾಗಿ ಕೂಡಿ ಕಳೆದು ಸರಾಸರಿ ಒಂದು ಮಾತು ಹೇಳುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಬಂದುಹೋಗುವ ತಪ್ಪು ಅದಕ್ಕೆ ಕಾಣುವುದಿಲ್ಲ. ಅದನ್ನು ಕಾಣಲು ಬೇಕಾದದ್ದು ಆಸಿಲೋಸ್ಕೋಪು. ವಿದ್ಯುತ್ತು ಹೇಗೆ ಏರಿತು, ಹೇಗೆ ಇಳಿಯಿತು ಎಂದು ಪರದೆಯ ಮೇಲೆ ಗೆರೆ ಎಳೆದು ತೋರಿಸುವ ಯಂತ್ರ. ಗಂಗಕ್ಕನಿಗೆ, "ಯಾರೂ ಏನೂ ಮುಟ್ಟಬೇಡಿ, ನಾನು ಯಂತ್ರ ತಗೊಂಡು ಬರ್ತೀನಿ" ಎಂದು ಹೇಳಿ ಫೋನಿಟ್ಟೆ.

ಕಾಲೇಜಿನ ಆಸಿಲೋಸ್ಕೋಪು ಎರಡು ಜನ ಹೊರುವ ಗಾತ್ರದ್ದು. ಈಗ ಅಂಗೈ ಅಗಲದವು ಬಂದಿವೆ, ಬ್ಯಾಟರಿ ಹಾಕಿಕೊಂಡು ಬ್ಯಾಗಿನಲ್ಲಿ ಟಿಫನ್ ಡಬ್ಬಿಯ ಪಕ್ಕ ಇಟ್ಟುಕೊಳ್ಳಬಹುದು, ಬೆಲೆಯೂ ನಮ್ಮಂಥವರಿಗೆ ಎಟಕುತ್ತದೆ. ಇಷ್ಟು ತಿಳಿದುಕೊಳ್ಳಲು ಒಂದು ಸಂಜೆ ಸಾಕಾಯಿತು. ಯಾವುದನ್ನು ಕೊಳ್ಳುವುದು ಎಂದು ತಿಳಿಯಲು ಐದು ವಾರ ಸಾಲಲಿಲ್ಲ. ಮೊದಲು ಬರೀ ಬೋರ್ಡಿನ ರೂಪದ, ನಾವೇ ಬೆಸುಗೆ ಹಾಕಿ ಜೋಡಿಸಿಕೊಳ್ಳುವ ಅತಿ ಅಗ್ಗದ್ದನ್ನು ಮೆಚ್ಚಿದೆ. ಆಮೇಲೆ, ಸರ್ಕ್ಯೂಟಿನ ತಪ್ಪು ಹುಡುಕಲು ನಾನೇ ಕಟ್ಟಿದ ಯಂತ್ರವನ್ನು ನಂಬುವುದೇ ಎಂದು ಬೆಲ್ಲು, ಸೈರನ್ನು ನೆನಪಾಗಿ ಕೈಬಿಟ್ಟೆ. ಮಲ್ಟಿಮೀಟರು, ಸ್ಕೋಪು ಎರಡೂ ಒಂದೇ ಹೊಟ್ಟೆಯಲ್ಲಿರುವ ಯಂತ್ರ ಚೆನ್ನಾಗಿದೆ ಎಂದುಕೊಂಡೆ. ಎರಡೂ ಕೆಲಸ ಮಾಡುವುದು ಎರಡನ್ನೂ ಅರ್ಧಂಬರ್ಧ ಮಾಡುತ್ತದೆ ಎಂದು ಯಾರೋ ಬರೆದಿದ್ದರು, ನನ್ನ ಜೀವನವನ್ನೇ ನೋಡಿ ಬರೆದ ಹಾಗಿತ್ತು. ಒಂದು ಚಾನೆಲ್ಲು ಸಾಕೇ, ಎರಡು ಬೇಕೇ? ಒಂದೇ ಗೆರೆ ನೋಡುವುದಾದರೆ ಒಂದು ಸಾಕು. ಆದರೆ ಮುಂದೆ ಎರಡು ಗೆರೆಗಳನ್ನು ಒಟ್ಟಿಗೆ ನೋಡುವ ಸಂದರ್ಭ ಬಂದರೆ? ಅಂಥ ಸಂದರ್ಭ ಹುಟ್ಟಿದಾರಭ್ಯ ನನಗೆ ಬಂದಿಲ್ಲ, ಆದರೂ ಬಂದರೆ ಎಂಬ ಯೋಚನೆಯಲ್ಲಿ ಒಂದು ಇಡೀ ಭಾನುವಾರ ಹೋಯಿತು.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಬ್ಯಾಂಡ್‌ವಿಡ್ತ್. ಎಷ್ಟು ವೇಗದ ಅಲೆಯನ್ನು ಯಂತ್ರ ಹಿಡಿಯಬಲ್ಲದು ಎಂಬ ಲೆಕ್ಕ. ಒಂದು ಮೆಗಾಹರ್ಟ್ಸ್‌ನದು ನೋಡಿದೆ, ಹತ್ತರದು ನೋಡಿದೆ, ಇನ್ನು ಸ್ವಲ್ಪ ಹಾಕಿದರೆ ನೂರರದೇ ಬರುತ್ತದಲ್ಲ ಎಂದು ಕಂಡಿತು. ನಿಶ್ಚಿತಾರ್ಥಕ್ಕೆ ಸೀರೆ ತರಲು ಹೋದವರು ಮದುವೆಯ ಸೀರೆಗಳ ಮಹಡಿ ಹತ್ತಿಬಿಡುವ ಹಾಗೆ ನಾನು ಮೇಲೆ ಮೇಲೆ ಹತ್ತಿದೆ. ಹತ್ತಿದ ಮೇಲೆ ಆ ಬೆಲೆಗೆ ನೂರು ಎನ್ನುವುದು ಬರೀ ಡಬ್ಬಿಯ ಮೇಲಿನ ಮಾತು ಎಂದು ಒಬ್ಬ ವಿಡಿಯೋದಲ್ಲಿ ಬಿಚ್ಚಿ ತೋರಿಸಿದ. ಮತ್ತೆ ಕೆಳಗಿಳಿದೆ. ಕಡೂರಿನಿಂದ ತರೀಕೆರೆಗೆ ಬಸ್ಸಿನಲ್ಲಿ ಹೋಗುತ್ತ ಹತ್ತುವುದು, ಸಂಜೆ ಬರುತ್ತ ಇಳಿಯುವುದು. ಎರಡು ಸಲ ಬೀರೂರು ದಾಟಿದ್ದು ಗೊತ್ತಾಗದೆ, ಇಳಿಯುವ ಊರು ಬಂತೆಂದು ಕಂಡಕ್ಟರೇ ಎಬ್ಬಿಸಬೇಕಾಯಿತು. ನಾನು ನಿದ್ದೆ ಮಾಡಿರಲಿಲ್ಲ.

ಕಚೇರಿಯಲ್ಲಿ ಊಟದ ಹೊತ್ತಿಗೆ ಫೋನಿನಲ್ಲಿ ಸ್ಕೋಪುಗಳ ಪರದೆ ನೋಡುತ್ತ ಕೂತಿರುತ್ತಿದ್ದೆ. ಪರದೆಯ ತುಂಬ ಹಸಿರು, ಹಳದಿ ಅಲೆಗಳು. ಒಂದು ವಾರದ ನಂತರ ಗಮನಿಸಿದೆ: ನನ್ನ ಮೇಜಿಗೆ ಯಾರೂ ಭಾರದ ಕಡತ ತಂದಿಡುತ್ತಿಲ್ಲ. ಮಹಡಿಯ ರೆಕಾರ್ಡ್ ರೂಮಿಗೆ "ನಾವು ಹೋಗಿ ಬತ್ತೀವಿ, ನೀವು ಕೂತ್ಕೊಳ್ಳಿ" ಎನ್ನುತ್ತಿದ್ದಾರೆ. ಕೊನೆಗೆ ಕಡತ ಹೊರುವ ನಮ್ಮ ದಲಾಯತ ಹತ್ತಿರ ಬಂದು ದನಿ ಇಳಿಸಿ, "ಮೇಡಂ, ನಮ್ ಭಾವಂಗೂ ಹಿಂಗೇ ಗೆರೆ ಬತ್ತಿತ್ತು. ಉಪ್ಪು ಬಿಡ್ಸುದ್ರು, ಈಗ ಗುಂಡ್ಕಲ್ಲಿನಂಗವ್ನೆ. ಹೆದ್ರಬೇಡಿ" ಎಂದರು. ಇದು ನನ್ನ ಹೃದಯದ ಗೆರೆಯಲ್ಲ ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಮಹಡಿಯ ಮೆಟ್ಟಿಲು ಬಹಳ ಕಡಿದಾಗಿವೆ.

ಇಷ್ಟರಲ್ಲಿ ಐದು ವಾರ ಕಳೆದಿತ್ತು. ವಾರಕ್ಕೊಮ್ಮೆ ಗಂಗಕ್ಕನಿಗೆ ಫೋನು ಮಾಡಿ ಸ್ಕೋಪಿನ ವಿಚಾರ ಎಲ್ಲಿಗೆ ಬಂತು ಎಂದು ವಿವರವಾಗಿ ಹೇಳುತ್ತಿದ್ದೆ. ಗಂಗಕ್ಕ "ಹೂಂ, ಹೂಂ" ಎನ್ನುತ್ತಿದ್ದರು. ಬೇಲಿಯ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಒಂದು ದಿನ ಮೊದಲ ಕುರಿ ಈದಿತು, ಅವಳಿ ಎಂದರು. "ನಾಯಿ ಕಾಟ?" ಎಂದೆ. "ಪರ್ವಾಗಿಲ್ಲ ಬಿಡು" ಎಂದರು. ಆ ಪರವಾಗಿಲ್ಲವನ್ನು ನಾನು ದಿನವೆಲ್ಲ ತಿರುಗಿಸಿ ಮುರುಗಿಸಿ ನೋಡಿದೆ. ನೊಂದವರು ಹೇಳುವ ಪರವಾಗಿಲ್ಲ ಅದು. ನನ್ನ ಮೇಲೆ ನಂಬಿಕೆ ಹೋಗಿದೆ, ಬಾಯಿಬಿಟ್ಟು ಹೇಳುತ್ತಿಲ್ಲ. ಅಡುಗೆಮನೆಯಿಂದ ಹಿಂದಿನ ಕೋಣೆಗೆ, ಅಲ್ಲಿಂದ ಹಿತ್ತಲಿಗೆ ಓಡಾಡತೊಡಗಿದೆ. ನಮ್ಮನೆಯವರು ತಿದ್ದುತ್ತಿದ್ದ ಉತ್ತರಪತ್ರಿಕೆಯಿಂದ ತಲೆ ಎತ್ತಿ, "ನೋಡು, ನೀನು ಹೀಗೆ ಓಡಾಡೋ ಬದಲು ಯಗಟಿಗೇ ನಡೆದಿದ್ದರೆ ಇಷ್ಟೊತ್ತಿಗೆ ಮೂರು ಸಲ ಹೋಗಿ ಬರಬಹುದಿತ್ತು" ಎಂದರು.

"ಬರೀಗೈಲಿ ಹೋಗಿ ಏನ್ರೀ ನೋಡ್ಲಿ?"

"ಕಣ್ಣಲ್ಲಿ ನೋಡು."

ಕನ್ನಡ ಮೇಷ್ಟ್ರಿಗೆ ಇದೆಲ್ಲ ಅರ್ಥವಾಗುವುದಿಲ್ಲ.

ಕೊನೆಗೆ ರೇಣುಕಾಳ ನೆನಪಾಯಿತು. ಎಂ.ಎಸ್ಸಿ.ಯಲ್ಲಿ ಪ್ರಯೋಗಾಲಯದ ಒಂದೇ ಮೇಜಿಗೆ ನಾವಿಬ್ಬರು. ಈಗ ಅಜ್ಜಂಪುರದಲ್ಲಿ ಮನೆಯ ಮುಂಭಾಗದಲ್ಲೇ ಅಂಗಡಿ ಇಟ್ಟುಕೊಂಡು, ಬೋರ್‌ವೆಲ್ ಮೋಟಾರುಗಳನ್ನು ಮೊಬೈಲಿನಿಂದಲೇ ಶುರುಮಾಡುವ ಸ್ಟಾರ್ಟರುಗಳ ಬೋರ್ಡು ರಿಪೇರಿ ಮಾಡುತ್ತಾಳೆ. ಮನೆಯಲ್ಲಿ ರೇಣುಕಾ ಬಗ್ಗೆ ನಾನು ಹೇಳುವ ಒಂದು ಕಥೆಯಿದೆ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಅವಳಿಗೆ ಆಸಿಲೋಸ್ಕೋಪಿನಲ್ಲಿ ಗೆರೆಯೇ ಸಿಗಲಿಲ್ಲ, ಕೈ ನಡುಗುತ್ತಿತ್ತು. ನಾನು ಮುಂದೆ ಬಂದು ಎರಡು ಗುಂಡಿ ತಿರುಗಿಸಿದೆ, ಅಲೆ ಪರದೆಯ ನಡುವೆ ಬಂದು ನಿಂತಿತು, ಹೊರಗಿನಿಂದ ಬಂದಿದ್ದ ಪರೀಕ್ಷಕರು ತಲೆದೂಗಿದರು. ಆ ತಲೆದೂಗಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಬಿಳಿ ಮೀಸೆ, ಎಡಕ್ಕೆ ಒಂದು ಸಲ, ಬಲಕ್ಕೆ ಒಂದು ಸಲ. ಪಾಪ, ಅಂಥ ರೇಣುಕಾಳನ್ನು ಈಗ ಕೇಳಬೇಕಾಯಿತಲ್ಲ ಎಂಬ ಸಣ್ಣ ಗರ್ವದಿಂದಲೇ ಎರಡನೇ ಶನಿವಾರ ಅಜ್ಜಂಪುರದ ರೈಲು ಹತ್ತಿದೆ.

ರೇಣುಕಾ ಬುಕ್ಕಾಂಬುಧಿಯಿಂದ ಬಂದಿದ್ದ ಒಂದು ಸ್ಟಾರ್ಟರಿನ ಹೊಟ್ಟೆ ಸೀಳಿಕೊಂಡು ಕೂತಿದ್ದಳು. ಪಕ್ಕದಲ್ಲಿ ಸಾಬೂನಿನ ಡಬ್ಬಿಯಷ್ಟಿರುವ ಒಂದು ಸ್ಕೋಪು, ರಬ್ಬರ್ ಬ್ಯಾಂಡು ಸುತ್ತಿದ್ದು. ನಾನು ಡೈರಿ ತೆಗೆದು ಐದು ವಾರದ ಸಂಶೋಧನೆಯನ್ನು ಓದತೊಡಗಿದೆ. ಅವಳು ಬೆಸುಗೆ ಹಾಕುತ್ತಲೇ ಕೇಳಿದಳು.

"ನಿನ್ ಬೇಲಿ ಎಷ್ಟು ಸಲ ಹೊಡೆಯುತ್ತೆ?"

"ಸೆಕೆಂಡಿಗೆ ಒಂದ್ಸಲ."

"ಸೆಕೆಂಡಿಗೆ ಒಂದ್ಸಲ ಆಗೋದನ್ನ ನೋಡೋಕೆ ನೂರು ಮೆಗಾಹರ್ಟ್ಸ್? ಲೇ, ಅದನ್ನ ಬೆರಳಲ್ಲಿ ಎಣಿಸಬಹುದಲ್ಲೇ!"

"ಅದಲ್ಲ ಕಣೇ, ಮುಂದೆ..."

"ಮುಂದೆ ನೀನು ಆಕಾಶಕ್ಕೆ ಏನಾದ್ರೂ ಹಾರಿಸ್ತೀಯಾ? ನಿನಗೆ ಇಂಥದ್ದೊಂದು ಸಾಕು. ಒಂದು ಚಾನೆಲ್ಲು, ಬ್ಯಾಟರಿ, ಒಂದೇ ಸಲ ಆಗಿದ್ದನ್ನ ಹಿಡಿದು ನಿಲ್ಲಿಸೋ ಗುಂಡಿ. ಬ್ಯಾಟರಿ ಕಡೆ ಮಾತ್ರ ನೋಡು. ಅಪ್ಪಿತಪ್ಪಿ ಬೇಲಿ ತಂತಿಗೆ ಚುಚ್ಚಿದ್ಯೋ, ಯಂತ್ರ ಸುಟ್ಟು ಬೂದಿಯಾಗುತ್ತೆ. ಅದಿರಲಿ, ಅಲ್ಲಿ ನೆಲ ಹೆಂಗಿದೆ?"

"ನೆಲ ಚೆನ್ನಾಗಿದೆ. ತೆಂಗು, ರಾಗಿ ಎಲ್ಲ ಬೆಳೀತಾರೆ" ಎಂದೆ.

ಅವಳು ಏನೋ ಹೇಳಹೊರಟು ನನ್ನ ಮುಖ ನೋಡಿ ಬಿಟ್ಟಳು. ಕಾಫಿ ಕುಡಿಯುವಾಗ ನಾನು ಔದಾರ್ಯದಿಂದ, "ಆವತ್ತು ಪ್ರಾಕ್ಟಿಕಲ್‌ನಲ್ಲಿ ಗೆರೆ ಸಿಗದೆ ಒದ್ದಾಡಿದ್ದು ನೆನಪಿದ್ಯಾ?" ಎಂದೆ.

"ಇಲ್ದೆ ಏನು! ನಿನ್ ಕೈ ಎಷ್ಟು ನಡುಗ್ತಿತ್ತು ಅಂದ್ರೆ, ನಾನೇ ಗುಂಡಿ ತಿರುಗಿಸಿ ಕೂರಿಸಿದೆ. ನಿನ್ ಅಕ್ಷರ ದುಂಡಗಿತ್ತು ಅಂತ ಬರೆಯೋಕೆ ಬಿಟ್ಟೆ. ಆ ಮೇಡಂ ಎಷ್ಟು ಹೊಗಳಿದ್ರು ನಿನ್ ಅಕ್ಷರಾನ!"

"ಮೇಡಮ್ಮಾ? ಬಿಳಿ ಮೀಸೆ..."

"ಮೀಸೆ ಎಲ್ಲಿಂದ ಬಂತೇ? ಹೆಂಗಸು ಕಣೇ ಆಕೆ!"

ಮನೆಗೆ ಬಂದವಳೇ ಟ್ರಂಕಿನಿಂದ ಆ ವರ್ಷದ ಡೈರಿ ತೆಗೆದೆ. ಆ ದಿನದ ಪುಟದಲ್ಲಿ ಹೀಗಿತ್ತು: "ಇವತ್ತು ಪ್ರಾಕ್ಟಿಕಲ್ ಚೆನ್ನಾಗಿ ಆಯಿತು. ಮೆಸ್ಸಿನಲ್ಲಿ ಪೂರಿ, ಸಾಗು. ನಾಲ್ಕು ತಿಂದೆ." ಗುಂಡಿ ಯಾರು ತಿರುಗಿಸಿದರು ಎಂದಿಲ್ಲ. ಮೀಸೆಯ ಪ್ರಸ್ತಾಪವೇ ಇಲ್ಲ. ಪೂರಿಯ ಸಂಖ್ಯೆ ಮಾತ್ರ ಸ್ಪಷ್ಟವಾಗಿದೆ. ಹುಣಸೆಮರದವರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು.

ಅವಮಾನಕ್ಕೆ ಒಂದು ಗುಣವಿದೆ, ನಿರ್ಧಾರ ಬೇಗ ಆಗುತ್ತದೆ. ರೇಣುಕಾಳ ಬಳಿಯಿದ್ದಂಥದ್ದನ್ನೇ ಅವತ್ತೇ ತರಿಸಲು ಹಾಕಿದೆ. ಅದು ಬಂದು, ನಾನು ಅದರಲ್ಲಿ ಗೆರೆ ಕೂರಿಸಲು ಕಲಿತು ಮುಗಿಯುವಷ್ಟರಲ್ಲಿ ಇನ್ನೆರಡು ವಾರ ಹೋಯಿತು. (ಗೆರೆ ಸಿಗಲು ಬಹಳ ಹೊತ್ತು ಬೇಕಾಯಿತು. ಕೈ ನಡುಗುತ್ತಿತ್ತು.) ಭಾನುವಾರ ನಮ್ಮನೆಯವರನ್ನು ಕರೆದುಕೊಂಡು ಯಗಟಿಯ ಬಸ್ಸು ಹತ್ತಿದೆ. ಎಷ್ಟು ಮರಿ ಉಳಿದಿರಬಹುದು ಎಂದು ದಾರಿಯುದ್ದಕ್ಕೂ ಎಣಿಸುತ್ತಿದ್ದೆ. ಏಳು ಕುರಿಯಲ್ಲಿ ಅರ್ಧ ಈದಿದ್ದರೆ ನಾಲ್ಕು ಮರಿ, ಅದರಲ್ಲಿ ಎರಡು ಹೋಗಿದ್ದರೆ ಎರಡು. ಸೀಟಿನಲ್ಲಿ ಕೂರಲಾಗದೆ ಎರಡು ಸಲ ಎದ್ದು ನಿಂತೆ.

ರೊಪ್ಪದ ಹತ್ತಿರ ಹೋದರೆ ಒಳಗೆ ಮರಿಗಳು ನೆಗೆದಾಡುತ್ತಿದ್ದವು. ಎಣಿಸಿದೆ, ಎಂಟಿದ್ದವು. ಏಳೂ ಕುರಿ ಈದಿದ್ದವು; ಒಂದಕ್ಕೆ ಅವಳಿ. ಒಂದೂ ಹೋಗಿರಲಿಲ್ಲ. ನನಗೆ ಸಂತೋಷಕ್ಕಿಂತ ಮೊದಲು ಗೊಂದಲವಾಯಿತು. ಆದರೂ ತಂದ ಯಂತ್ರವನ್ನು ಹಾಗೇ ಬಿಡಲಾದೀತೇ? ಪೆಟ್ಟಿಗೆ ತೆರೆದು ಬ್ಯಾಟರಿಗೆ ಸ್ಕೋಪಿನ ತಂತಿ ಹಚ್ಚಿದೆ. ಬೆಳಕು ನೋಡುವ ಕಣ್ಣನ್ನು ಕರವಸ್ತ್ರದಿಂದ ಮುಚ್ಚಿ ಮಟಮಟ ಮಧ್ಯಾಹ್ನ ಕತ್ತಲು ಮಾಡಿದೆ. ಟಕ್, ಟಕ್ ಎಂದು ಪೆಟ್ಟಿಗೆ ಶುರುವಾಯಿತು. ಪರದೆಯ ಮೇಲೆ ಗೆರೆ ನೇರವಾಗಿ, ಪ್ರತಿ ಪೆಟ್ಟಿಗೂ ಚೂರೇಚೂರು ತಗ್ಗಿ ಮತ್ತೆ ಎದ್ದು ನಿಲ್ಲುತ್ತಿತ್ತು. ಕುಸಿತವಿಲ್ಲ, ಏನೂ ಇಲ್ಲ. ನನ್ನ ಸರ್ಕ್ಯೂಟಿನಲ್ಲಿ ಒಂದು ತಪ್ಪೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಕಟ್ಟಿದ್ದೊಂದು ಸರಿಯಾಗಿತ್ತು, ಅದನ್ನೇ ಏಳು ವಾರದಿಂದ ಅನುಮಾನಿಸುತ್ತಿದ್ದೆ. ಆ ಖುಷಿಯಲ್ಲಿ ಎದ್ದು ನಿಲ್ಲುವಾಗ ಮೊಣಕೈ ಬೇಲಿಗೆ ತಾಗಿತು. ಆಮೇಲೆ ನಾನು ನೆಲದ ಮೇಲಿದ್ದೆ.

"ಅಯ್ಯೋ, ಮುಟ್ಟಬ್ಯಾಡ ಅಂತ ಹೇಳಾದ್ರೊಳಗೆ ಮುಟ್ಬಿಟ್ಯಲ್ಲೇ!" ಎಂದು ಗಂಗಕ್ಕ ಓಡಿಬಂದರು. "ಈಗ ಚೆನ್ನಾಗಿ ಒದೀತದೆ ಕಣೇ. ಒಂದು ನಾಯಿ ಒಂದು ಕಿತ ಒದೆ ತಿಂದಿದ್ದು, ಇನ್ನೂ ಈ ಕಡೆ ತಲೆ ಹಾಕಿಲ್ಲ."

"ಯಾವಾಗಿಂದ ಗಂಗಕ್ಕ?"

"ಆವತ್ತು ಫೋನ್ ಮಾಡಿದ್ನಲ್ಲ, ಅದುರ ಮಾರ್ನೇ ದಿನದಿಂದ. ಆವತ್ತೇ ಹೇಳಿದ್ನಲ್ಲೇ ನೆಲ ಒಣಗೈತೆ ಅಂತ. ಪಂಪ್‌ಸೆಟ್ಟಿನ ಅರ್ಥ್ ಒಣಗಿದ್ರೆ ಏನ್ ಮಾಡ್ತೀವಿ? ಗುಂಡಿಗೆ ಉಪ್ಪು, ಇದ್ಲು ಹಾಕಿ ನೀರು ಹುಯ್ತೀವಿ. ನಿನ್ ಸಲಾಕಿಗೂ ಹಂಗೇ ಹಾಕ್ದೆ. ದಿನಾ ಕುರಿ ಕುಡಿದು ಮಿಕ್ಕಿದ್ದು ಒಂದು ಬಕೇಟ್ ಅಲ್ಲಿಗೇ ಹುಯ್ತೀನಿ."

ಸಲಾಕೆಯ ಬುಡ ನೋಡಿದೆ. ಸುತ್ತಲಿನ ನೆಲವೆಲ್ಲ ಬಿರುಕು ಬಿಟ್ಟಿದ್ದರೆ ಅಲ್ಲಿ ಮಾತ್ರ ಒಂದು ಮೊಳ ಹಸಿ, ಗರಿಕೆ ಕೂಡ ಚಿಗುರಿತ್ತು. ಬೇಲಿಯ ಪೆಟ್ಟು ನಾಯಿಯ ಮೈ ಹಾದು ನೆಲದ ಮೂಲಕ ಆ ಸಲಾಕೆಗೆ ಹಿಂದಿರುಗಿದರೆ ತಾನೇ ಪೆಟ್ಟು; ಒಣನೆಲದಲ್ಲಿ ಅದಕ್ಕೆ ದಾರಿಯೇ ಇರಲಿಲ್ಲ. ಕಡೂರಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೆಲ ಎಂದೂ ಒಣಗುವುದಿಲ್ಲ. ಇದು ಎಂ.ಎಸ್ಸಿ.ಯ ಪಾಠವೂ ಅಲ್ಲ, ಹೈಸ್ಕೂಲಿನದು.

"ಏಳು ವಾರ ನನಗೆ ಯಾಕೆ ಹೇಳಲಿಲ್ಲ?"

"ನೀನು ಎಲ್ಲಿ ಬಿಟ್ಟೆ? ಫೋನ್ ಎತ್ತಿದ್ರೆ ಆ ಮಿಷನ್ನು, ಈ ಮಿಷನ್ನು ಅಂತ ಒಂದೇ ಸಮ ಹೇಳ್ತಿದ್ದೆ. ಎಷ್ಟು ಖುಷಿಯಾಗಿದ್ದೆ! ಅದೂ ಅಲ್ದೆ ಯಾರೂ ಏನೂ ಮುಟ್ಟಬ್ಯಾಡಿ ಅಂದಿದ್ದೆ. ನೀರು ಹಾಕಿದ್ದು ಕೇಳಿ ಬೈದೀಯೇನೋ ಅಂತ ಸುಮ್ನಾದೆ."

ನಮ್ಮನೆಯವರು ಅಷ್ಟರಲ್ಲಿ ಮರಿಗಳ ಬಳಿ ಹೋಗಿದ್ದರು. ಒಂದು ಮರಿಯನ್ನು ಎತ್ತಿಕೊಂಡು ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಬಸ್ಸಿನಲ್ಲಿ ಬರುವಾಗ, "ಆ ಯಂತ್ರ ವಾಪಸ್ ಕಳಿಸ್ತೀಯಾ?" ಎಂದರು. "ಯಾಕೆ ಕಳಿಸಬೇಕು? ನನ್ನ ಸರ್ಕ್ಯೂಟು ಸರಿಯಿದೆ ಅಂತ ಇನ್ಯಾರು ಹೇಳ್ತಿದ್ರು?" ಎಂದೆ. "ಅದೂ ನಿಜವೇ. ನಾವ್ಯಾರೂ ಹೇಳ್ತಿರಲಿಲ್ಲ" ಎಂದರು.

ಮನೆಗೆ ಬಂದು ಗಂಗಕ್ಕನ ಮೊದಲ ಫೋನಿನ ದಿನದ ಪುಟ ತಿರುಗಿಸಿದೆ. ಗಂಗಕ್ಕನ ನೆನಪೂ ಎಲ್ಲರದರಂತೆಯೇ ಇರಬಹುದಲ್ಲ ಎಂಬ ಆಸೆ. ನನ್ನ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: "ಗಂಗಕ್ಕ ಫೋನು. ಬೇಲಿ ಜುಮ್ ಎನ್ನುತ್ತದಂತೆ, ಅಷ್ಟೇ. ನೆಲ ಒಣಗಿದೆಯಂತೆ. ಪಾಪ, ಅಲ್ಲಿ ಮಳೆ ಇಲ್ಲ." ಅದರ ಕೆಳಗೆ ಎರಡು ಗೆರೆ ಎಳೆದು: "ಆಸಿಲೋಸ್ಕೋಪು ಬೇಕು."

ಡೈರಿ ಸುಳ್ಳು ಹೇಳಿರಲಿಲ್ಲ. ಅದನ್ನು ಬರೆದವಳು ಓದಿರಲಿಲ್ಲ, ಅಷ್ಟೆ. ಇನ್ನು ಮುಂದೆ ಹೀಗಾಗಬಾರದು, ನಡೆದದ್ದನ್ನು ನಡೆದ ಹಾಗೆಯೇ ಬರೆದಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿ ಆ ಭಾನುವಾರದ ಪುಟವನ್ನು ಬರೆದೆ. ಈಗ ನಿಮಗಾಗಿ ಅದನ್ನು ತೆಗೆದು ನೋಡುತ್ತಿದ್ದೇನೆ. "ಯಗಟಿಗೆ ಹೋಗಿದ್ದೆವು. ಆಸಿಲೋಸ್ಕೋಪಿನಿಂದ ಪರೀಕ್ಷಿಸಿದೆ. ಬೇಲಿ ಈಗ ಚೆನ್ನಾಗಿ ಕೆಲಸ ಮಾಡುತ್ತಿದೆ. ಎಂಟು ಮರಿಗಳೂ ಕ್ಷೇಮ." ಒಂದೊಂದು ವಾಕ್ಯವೂ ನಿಜ, ಯಾವ ಕಚೇರಿಯಲ್ಲಾದರೂ ಅಳತೆ ಮಾಡಿಸಬಹುದು. ಗಂಗಕ್ಕನ ಬಕೇಟು ಮಾತ್ರ ಎಲ್ಲೂ ಕಾಣುತ್ತಿಲ್ಲ. ಮಧ್ಯಾಹ್ನ ಅವರು ಬಡಿಸಿದ ರಾಗಿ ರೊಟ್ಟಿ ಎಷ್ಟು ತಿಂದೆ ಎಂಬುದನ್ನು ತಪ್ಪದೆ ಬರೆದಿದ್ದೇನೆ. ಮೂರು.